ಹೊಸ ಕ್ರ್ಯಾಂಕ್ ಸೆನ್ಸರ್ ಹಾಕಿದ ಮೇಲೂ ಎಂಜಿನ್ ದೀಪ ಆರದಿದ್ದರೆ

ಪ್ರಶ್ನೆ: ಮಂಡ್ಯದಿಂದ ಮೈಸೂರಿಗೆ ದಿನವೂ ಪೆಟ್ರೋಲ್ ಕಾರಿನಲ್ಲಿ ಓಡಾಡುತ್ತೇನೆ. ಎಂಜಿನ್ ಬಿಸಿಯಾದ ಮೇಲೆ ಕಾರು ದಾರಿಯಲ್ಲೇ ನಿಂತುಬಿಡುತ್ತಿತ್ತು. ಅರ್ಧ ಗಂಟೆ ತಣಿದರೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಗ್ಯಾರೇಜಿನಲ್ಲಿ ಪಿ0335 ಎಂಬ ದೋಷದ ಕೋಡ್ ನೋಡಿ ಕ್ರ್ಯಾಂಕ್ ಸೆನ್ಸರ್ (ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ತಿರುಗುವುದನ್ನು ಗಮನಿಸುವ ಸಾಧನ) ಬದಲಿಸಿದರು. ಕಾರು ನಿಲ್ಲುವುದು ತಪ್ಪಿತು, ಆದರೆ ಈಗ ಪಿ0315 ಬಂದು ದೀಪ ಉರಿಯುತ್ತಿದೆ. ಇನ್ನೊಂದು ಸೆನ್ಸರ್ ಹಾಕೋಣ ಎನ್ನುತ್ತಿದ್ದಾರೆ. ಹಾಕಿಸಬೇಕೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಬೇಡ. ಪಿ0335 ಎಂದರೆ ಸೆನ್ಸರಿನ ಸರ್ಕ್ಯೂಟಿನಿಂದ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಸರಿಯಾದ ಸಿಗ್ನಲ್ ಬರುತ್ತಿಲ್ಲ ಎಂದರ್ಥ. ಬಿಸಿಯಾದಾಗ ಕೈಕೊಟ್ಟು, ತಣಿದಾಗ ಸರಿಹೋಗುವುದು ಕೆಟ್ಟ ಸೆನ್ಸರಿನ ಸಾಮಾನ್ಯ ಲಕ್ಷಣವಾದ್ದರಿಂದ ನಿಮ್ಮ ಮೆಕ್ಯಾನಿಕ್ ಮೊದಲ ಸಲ ಮಾಡಿದ ಕೆಲಸ ಸರಿಯಾಗಿಯೇ ಇದೆ. ಪಿ0315 ಬೇರೆಯೇ ವಿಷಯ: ಕ್ರ್ಯಾಂಕ್ ಜೊತೆ ತಿರುಗುವ, ಸೆನ್ಸರ್ ಗಮನಿಸುವ ಚಕ್ರದ ಹಲ್ಲುಗಳ ಸಣ್ಣಪುಟ್ಟ ವ್ಯತ್ಯಾಸವನ್ನು ಇಸಿಯು ಇನ್ನೂ ಕಲಿತಿಲ್ಲ ಎಂದು ಅದು ಹೇಳುತ್ತದೆ.

ಹಲವು ಕಾರುಗಳಲ್ಲಿ ಈ ಚಕ್ರಕ್ಕೆ 60 ಹಲ್ಲುಗಳ ಜಾಗವಿದ್ದು, ಗುರುತಿಗೆಂದು ಎರಡನ್ನು ಬಿಟ್ಟಿರುತ್ತಾರೆ. ಹಲ್ಲಿನಿಂದ ಹಲ್ಲಿಗೆ 6 ಡಿಗ್ರಿ. ಯಾವ ಕಾರ್ಖಾನೆಯೂ ಅವನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕತ್ತರಿಸಲಾರದು. ಸಿಲಿಂಡರೊಂದರಲ್ಲಿ ಮಿಸ್‌ಫೈರ್ ಆದಾಗ, ಅಂದರೆ ಇಂಧನ ಸರಿಯಾಗಿ ಉರಿಯದಿದ್ದಾಗ, ಕ್ರ್ಯಾಂಕ್ ಕ್ಷಣಮಾತ್ರ ನಿಧಾನವಾಗುವುದನ್ನು ಗಮನಿಸಿಯೇ ಇಸಿಯು ಅದನ್ನು ಪತ್ತೆಹಚ್ಚುವುದರಿಂದ, ಹಲ್ಲಿನ ದೋಷ ಯಾವುದು, ಮಿಸ್‌ಫೈರ್ ಯಾವುದು ಎಂದು ಬೇರ್ಪಡಿಸಲು ಇಂಧನ ನಿಂತು ಎಂಜಿನ್ ಬರಿದೆ ತಿರುಗುವ ಹೊತ್ತಿನಲ್ಲಿ ಅದು ಲೆಕ್ಕ ಹಾಕಿಕೊಳ್ಳಬೇಕು. ಸೆನ್ಸರ್ ಬದಲಾದರೆ ಹಳೆಯ ಲೆಕ್ಕ ಹೊಂದದಿರಬಹುದು.

ಆಗ ಇಸಿಯುಗೆ ಅದನ್ನು ಮತ್ತೆ ಕಲಿಸಬೇಕು. ಈ ಮರುಕಲಿಕೆಯ ವಿಧಾನ ಕಾರಿನಿಂದ ಕಾರಿಗೆ ಬೇರೆ. ಕೆಲವು ಕಾರುಗಳಲ್ಲಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಹಿಂದೆ ವಾಹನಗಳಿಲ್ಲದ ಕಡೆ ಗೇರಿನಲ್ಲಿರುವಂತೆಯೇ ಆಕ್ಸಿಲರೇಟರ್ ಬಿಟ್ಟು, ಕ್ಲಚ್ ಒತ್ತದೆ ವೇಗ ತಾನಾಗಿ ಇಳಿಯಲು ಬಿಡುವುದನ್ನು ಕೆಲವು ಸಲ ಮಾಡಿದರೆ ಸಾಕು. ಇನ್ನು ಕೆಲವಕ್ಕೆ ಕೋಡ್ ಓದುವ ಸ್ಕ್ಯಾನರಿನಿಂದಲೇ ಆಜ್ಞೆ ಕೊಡಬೇಕು: ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಎ.ಸಿ. ಬಂದ್, ಆಮೇಲೆ ಆಕ್ಸಿಲರೇಟರ್ ಒತ್ತುತ್ತ ಹೋಗಿ, ಇಸಿಯು ಇಂಧನ ಕಡಿದ ಕೂಡಲೇ ಕಾಲು ತೆಗೆಯಬೇಕು. ಒತ್ತಿ ಹಿಡಿದರೆ ಎಂಜಿನಿಗೆ ಹಾನಿ. ಈ ಕೆಲಸವನ್ನು ಮನೆಯಲ್ಲಿ ಪ್ರಯತ್ನಿಸದೆ, ಆ ಸೌಲಭ್ಯವಿರುವ ಸ್ಕ್ಯಾನರ್ ಇದೆಯೇ ಎಂದು ಗ್ಯಾರೇಜಿನಲ್ಲಿ ಕೇಳಿ. ಇಲ್ಲದಿದ್ದರೆ ಮೈಸೂರಿನ ಕಂಪನಿ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಕಡಿಮೆ ಬೆಲೆಯ ಬ್ಲೂಟೂತ್ ಅಡಾಪ್ಟರುಗಳು ಸಾಮಾನ್ಯವಾಗಿ ಕೋಡ್ ಓದಿ ಅಳಿಸುತ್ತವೆ, ಅಷ್ಟೆ. ಕೋಡ್ ಅಳಿಸಿದರೂ ದೀಪ ಮತ್ತೆ ಹತ್ತುತ್ತದೆ.

ಅಲ್ಲಿಯವರೆಗೆ ಕಾರು ಓಡಿಸಬಹುದು, ಆದರೆ ಮಿಸ್‌ಫೈರ್ ಎಚ್ಚರಿಕೆಯನ್ನು ನಂಬುವಂತಿಲ್ಲ.

ಪಿ0335 ಮರಳಿ ಬಂದರೆ ಮೊದಲು ವೈರಿಂಗ್ ಮತ್ತು ಕನೆಕ್ಟರ್ ನೋಡಿಸಿ. ಕಬ್ಬಿನ ಗದ್ದೆಯ ಪಕ್ಕ ಗಾಡಿ ನಿಲ್ಲಿಸುವವರಿಗೆ ಇಲಿ ಕಡಿದ ವೈರು ಹೊಸದೇನಲ್ಲ. ಪಿ0336 ಬಂದರೆ ಚಕ್ರದ ಹಲ್ಲು, ಅಂಟಿದ ಕಬ್ಬಿಣದ ಪುಡಿ, ಸೆನ್ಸರಿನ ಅಂತರ, ಇವನ್ನು ಪರೀಕ್ಷಿಸಬೇಕು. ಪಿ0016 ಬಂದರೆ ಮಾತ್ರ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಸರಿದಿರುವ ಸಾಧ್ಯತೆಯಿರುವುದರಿಂದ, ಪರೀಕ್ಷೆಯಾಗುವ ತನಕ ಕಾರು ಓಡಿಸಬೇಡಿ.