ಆರ್ಗಾನ್ 39.95, ಪೊಟ್ಯಾಶಿಯಂ 39.10: ಅಚ್ಚಿನ ತಪ್ಪಲ್ಲ

ಪೊಟ್ಯಾಶಿಯಂನಲ್ಲಿ ಒಂದು ಪ್ರೋಟಾನ್ ಹೆಚ್ಚಿದ್ದರೂ ಅದರ ಪರಮಾಣು ರಾಶಿ ಆರ್ಗಾನ್‌ಗಿಂತ ಕಡಿಮೆ ಯಾಕೆ, ಪುಸ್ತಕದಲ್ಲಿ ಸಂಖ್ಯೆಗಳು ಅದಲುಬದಲಾಗಿವೆಯಾ ಅಂತ ಕೇಳಿದ್ದೀರಿ. ಪುಸ್ತಕ ಸರಿಯಾಗಿದೆ, ನಿಮ್ಮ ಅನುಮಾನವೂ ತುಂಬ ಒಳ್ಳೆಯದು.

ಆವರ್ತ ಕೋಷ್ಟಕದಲ್ಲಿರುವುದು ಒಂದೇ ಪರಮಾಣುವಿನ ರಾಶಿಯಲ್ಲ, ನಿಸರ್ಗದಲ್ಲಿ ಸಿಗುವ ಸಮಸ್ಥಾನಿಗಳ, ಅಂದರೆ ಪ್ರೋಟಾನ್ ಅಷ್ಟೇ ಇದ್ದು ನ್ಯೂಟ್ರಾನ್ ಸಂಖ್ಯೆ ಬೇರೆಯಾದ ಪರಮಾಣುಗಳ, ಸರಾಸರಿ. ನೂರು ಪೊಟ್ಯಾಶಿಯಂ ಪರಮಾಣು ಎಣಿಸಿದರೆ ಸುಮಾರು 93 ಪೊಟ್ಯಾಶಿಯಂ-39 (ಹೆಸರಿನ ಜೊತೆಗಿನ ಸಂಖ್ಯೆ ಪ್ರೋಟಾನ್, ನ್ಯೂಟ್ರಾನ್‌ಗಳ ಮೊತ್ತ), ಮಿಕ್ಕ 7 ಪೊಟ್ಯಾಶಿಯಂ-41. 93×39 ಮತ್ತು 7×41 ಕೂಡಿಸಿ ನೂರರಿಂದ ಭಾಗಿಸಿ: 39.14 ಬರುತ್ತದೆ. ನಿಜವಾದ ಸಮಸ್ಥಾನಿ ರಾಶಿಗಳು ಪೂರ್ಣಾಂಕಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರುವುದರಿಂದ 39.10 ಆಗುತ್ತದೆ. ಆರ್ಗಾನ್‌ನಲ್ಲಿ ಸಾವಿರಕ್ಕೆ 996 ಪರಮಾಣುಗಳು ಆರ್ಗಾನ್-40. ಪ್ರೋಟಾನ್ 18 ಆದರೂ ನ್ಯೂಟ್ರಾನ್ 22 ಇದೆಯಲ್ಲ, ಅದಕ್ಕೇ ಭಾರ.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಆ ಆರ್ಗಾನ್-40 ಬಂದದ್ದೇ ಪೊಟ್ಯಾಶಿಯಂನಿಂದ! ಬಂಡೆಗಳಲ್ಲಿ ಅತ್ಯಲ್ಪ ಪ್ರಮಾಣದ ಪೊಟ್ಯಾಶಿಯಂ-40 ಇರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾಗುವ ಕಾಲ, ಸುಮಾರು 125 ಕೋಟಿ ವರ್ಷ. ಕ್ಷಯಿಸುವ ನೂರರಲ್ಲಿ ಸುಮಾರು 11 ಪರಮಾಣುಗಳ ಬೀಜಕೇಂದ್ರ ಒಂದು ಎಲೆಕ್ಟ್ರಾನನ್ನು ಸೆಳೆದುಕೊಂಡು, ಪ್ರೋಟಾನ್ ನ್ಯೂಟ್ರಾನಾಗಿ, ಆರ್ಗಾನ್-40 ಆಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 0.93ರಷ್ಟಿರುವ ಆರ್ಗಾನ್ ಬಹುಪಾಲು ಹೀಗೆ ಹುಟ್ಟಿದ್ದು. ನಕ್ಷತ್ರಗಳಲ್ಲಾದರೆ ಹಗುರವಾದ ಆರ್ಗಾನ್-36 ಹೆಚ್ಚು.

ಹಾಗಾಗಿ ರಾಶಿಯ ಕ್ರಮದಲ್ಲಿ ಜೋಡಿಸಿದ್ದರೆ ಪೊಟ್ಯಾಶಿಯಂ ಜಡಾನಿಲಗಳ ಸಾಲಿಗೆ ಹೋಗಿ ಕೂರುತ್ತಿತ್ತು. 1913ರಲ್ಲಿ ಭೌತವಿಜ್ಞಾನಿ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳ ಅಳತೆಯಿಂದ, ಕ್ರಮ ನಿರ್ಧರಿಸಬೇಕಾದ್ದು ಪರಮಾಣು ಸಂಖ್ಯೆ, ಅಂದರೆ ಪ್ರೋಟಾನ್‌ಗಳ ಸಂಖ್ಯೆ, ಎಂದು ತೋರಿಸಿದರು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನ್ಯೂಟ್ರಾನ್ ಲೆಕ್ಕ ಬರೆಯಲು ಮರೆಯಬೇಡಿ.