ಮಂಡ್ಯದ ಹುಡುಗಿಗೆ ಬ್ರೆಜಿಲ್‌ನ ಫುಟ್‌ಬಾಲ್ ತಾರೆ ಮಾರ್ತಾ ಹೇಗೆ ಮಾದರಿಯಾಗ್ತಾರೆ?

ಗೆದ್ದ ಪ್ರಶಸ್ತಿಗಳಿಂದಲ್ಲ, ಹೊರಟ ಜಾಗದಿಂದ. ‘ಇವಳೂ ನನ್ನಂಥವಳೇ’ ಅನ್ನಿಸಿದಾಗಲೇ ಮಕ್ಕಳಿಗೆ ‘ನನ್ನ ಕೈಲೂ ಆಗುತ್ತೆ’ ಅನ್ನೋ ಧೈರ್ಯ ಬರೋದು. ಗೋಡೆಗೆ ಪೋಸ್ಟರ್ ಅಂಟಿಸಿದರೆ ಸಾಲದು.

ಮಾರ್ತಾ ಬರಪೀಡಿತ ಸೀಮೆಯ ಸಣ್ಣ ಊರಿನವರು. ಹುಡುಗರ ಜೊತೆ ಬರಿಗಾಲಲ್ಲಿ ಆಡಿ ಬೆಳೆದು, 14ನೇ ವಯಸ್ಸಿಗೆ 3 ದಿನ ಬಸ್ಸಲ್ಲಿ ಕೂತು ರಿಯೊ ತಲುಪಿದರು. (ನಮಗೆ ಮಗಳನ್ನು ಬೆಂಗಳೂರಿಗೆ ಟ್ರಯಲ್ಸ್‌ಗೆ ಕಳಿಸೋಕೇ ಎದೆ ಹೊಡ್ಕೊಳ್ಳುತ್ತೆ!) ಆಮೇಲೆ 6 ಸಲ ಫಿಫಾ ವರ್ಷದ ಆಟಗಾರ್ತಿ, ವಿಶ್ವಕಪ್‌ಗಳಲ್ಲಿ 17 ಗೋಲು. ವಿಶ್ವಕಪ್ ಮಾತ್ರ ಕೈಗೆ ಸಿಗಲೇ ಇಲ್ಲ. ಅದನ್ನೂ ಮುಚ್ಚಿಡದೆ ಹೇಳಬೇಕು.

ಮಂಡ್ಯದ ಸ್ಟೇಡಿಯಂನಲ್ಲಿ ಅಣ್ಣನ ದೊಗಳೆ ಜೆರ್ಸಿ ತೊಟ್ಟು, ಹುಡುಗರ ಕಾಲಿಂದ ಚೆಂಡು ಕಸಿಯೋ ಹುಡುಗಿಗೆ ಈ ಕತೆ ಹೇಳಿ ನೋಡಿ. ಗೋಲಿನ ಲೆಕ್ಕ ಕೇಳಲ್ಲ. ‘ಅವರ ಮನೇಲಿ ಬಿಟ್ರಾ?’ ಅಂತಾಳೆ.