ಏಪ್ರಿಲ್ ಬಂತು, ಮತ್ತೆ ಅದೇ ಪುಡಿಯ ಪ್ರಶ್ನೆ

ಪ್ರಶ್ನೆ: ನಾನು ರಾಯಚೂರು ಕಡೆಯ ಹಳ್ಳಿಯೊಂದರ ಶಿಕ್ಷಕಿ. ರಜೆಯಲ್ಲಿ ಬಿಸಿಯೂಟ ಇರುವುದಿಲ್ಲ. ಅಪ್ಪ ಅಮ್ಮ ಕೂಲಿಗೆ ಹೋದರೆ ಮಕ್ಕಳಿಗೆ ಮಧ್ಯಾಹ್ನ ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟೇ ಊಟ. ನಾವು ಕೆಲವರು ದುಡ್ಡು ಕೂಡಿಸಿದ್ದೇವೆ. 30 ಮಕ್ಕಳಿಗೆ ಯಾವ ಪ್ರೋಟೀನ್ ಪುಡಿ ಒಳ್ಳೆಯದು ಡಾಕ್ಟ್ರೇ?

ಯಾವುದೂ ಬೇಡ ಮೇಡಂ. ಪ್ರತಿ ವರ್ಷ ಇದನ್ನೇ ಕೇಳುತ್ತಾರೆ, ಪ್ರತಿ ವರ್ಷ ಇದನ್ನೇ ಹೇಳುತ್ತೇನೆ. ಆ ಮಕ್ಕಳಿಗೆ ತಪ್ಪಿರುವುದು ಒಂದು ಹೊತ್ತಿನ ಊಟ. ಬಿಸಿಯೂಟದ ಲೆಕ್ಕದಲ್ಲಿ 5ನೇ ತರಗತಿವರೆಗಿನ ಮಗುವಿಗೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. 6ರಿಂದ 8ನೇ ತರಗತಿಗೆ 700 ಮತ್ತು 20. ಎರಡು ಚಮಚ ಪುಡಿಯಲ್ಲಿ ಇಷ್ಟೆಲ್ಲ ಎಲ್ಲಿಂದ ಬರಬೇಕು?

2013ರ ಆಹಾರ ಭದ್ರತಾ ಕಾಯ್ದೆ ದಿನಾ ಬಿಸಿಯೂಟ ಕೊಡಿ ಎನ್ನುತ್ತದೆ, ಪಕ್ಕದಲ್ಲೇ ಶಾಲಾ ರಜೆ ಬಿಟ್ಟು ಎಂದೂ ಸೇರಿಸಿದೆ. ಆದರೆ ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶ ಮಾಡಿದೆ. 2024ರ ಬೇಸಿಗೆಯಲ್ಲಿ ನಮ್ಮ ಬರದ ತಾಲ್ಲೂಕುಗಳಲ್ಲಿ ಕೊಟ್ಟರು ಕೂಡ. ಹಾಗಾಗಿ ಮೊದಲು ನಿಮ್ಮ ತಾಲ್ಲೂಕು ಬರಪೀಡಿತ ಪಟ್ಟಿಯಲ್ಲಿದೆಯಾ ನೋಡಿ. ಇದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವು ಹಿಡಿದುಕೊಂಡು ತಾಲ್ಲೂಕಿನಲ್ಲಿ ಬಿಸಿಯೂಟ ನೋಡಿಕೊಳ್ಳುವ ಅಕ್ಷರ ದಾಸೋಹ ಅಧಿಕಾರಿಯ ಹತ್ತಿರ ಹೋಗಿ, ಸುಮ್ನೆ ಫೋನ್ ಮಾಡಿ ಕೂರಬೇಡಿ.

ಪಟ್ಟಿಯಲ್ಲಿ ಇಲ್ಲದಿದ್ದರೆ ನಿಮ್ಮ ದುಡ್ಡಲ್ಲೇ ಒಲೆ ಹಚ್ಚಿ. ಬಿಸಿಯೂಟದ ಅಡುಗೆಯವರಿಗೂ ಆಗ ಕೆಲಸ ಇರುವುದಿಲ್ಲ, ಕೇಂದ್ರ ಅವರ ಗೌರವಧನ ಲೆಕ್ಕ ಹಾಕುವುದೇ ವರ್ಷಕ್ಕೆ 10 ತಿಂಗಳಿಗೆ. ಅವರನ್ನೇ ಕರೆಯಿರಿ, ಆದರೆ ಕೂಲಿ ಕೊಟ್ಟು, ಸೇವೆ ಅಂತ ಪುಕ್ಕಟೆ ದುಡಿಸಬೇಡಿ. ಅಕ್ಕಿ ಮನೆಮನೆಯಿಂದ ಪಾವು ಪಾವು ಕೂಡಿಸಬಹುದು. ದುಡ್ಡನ್ನು ಬೇಳೆ, ಎಣ್ಣೆ, ಶೇಂಗಾ, ಮೊಟ್ಟೆಗೆ ಇಟ್ಟುಕೊಳ್ಳಿ. ಬೇಳೆ ಗಟ್ಟಿ ಇರಲಿ, ಸೌಟು ಎತ್ತಿದರೆ ನೀರಷ್ಟೇ ಇಳಿಯುವ ಸಾರು ನೋಡಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ನಾವೊಮ್ಮೆ ಹೀಗೇ ಶುರುಮಾಡಿ ಮಧ್ಯಾಹ್ನ ಒಂದೂವರೆಗೆ ಬಡಿಸಿದೆವು, ಆ ಬಿಸಿಲಲ್ಲಿ ಬರಿಗಾಲಲ್ಲಿ ಯಾವ ಮಗು ಬರುತ್ತದೆ? ಅರ್ಧ ಅನ್ನ ಉಳಿಯಿತು. ಹನ್ನೊಂದಕ್ಕೆ ಬದಲಿಸಿದ ಮೇಲೆ ಪಾತ್ರೆ ಖಾಲಿ. ಉಳಿದದ್ದನ್ನು ಸಂಜೆಗೆ ಎತ್ತಿಡಬೇಡಿ, ಬೇಸಿಗೆಯಲ್ಲಿ ಬೇಗ ಹಳಸುತ್ತದೆ. ಆರು ವರ್ಷದೊಳಗಿನವರನ್ನು ಅಂಗನವಾಡಿಗೆ ಕಳಿಸಿ, ಅವರ ಊಟಕ್ಕೆ ಆಹಾರ ಭದ್ರತಾ ಕಾಯ್ದೆಯಲ್ಲಿ ರಜೆಯ ಮಾತೇ ಇಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಮೊಟ್ಟೆ, ಶೇಂಗಾ ಉಷ್ಣ ಅಲ್ವಾ?

ಅಲ್ಲ. ನೀರು ಜಾಸ್ತಿ ಕುಡಿಸಿ, ಮೊಟ್ಟೆ ಕೊಡಿ.

ಪ್ರಶ್ನೆ: ದಿನಾ ಬಿಸ್ಕತ್ತು ಹಂಚಿದರೆ ಸಾಲದೇ?

ಸಾಲದು.

ಪ್ರಶ್ನೆ: ಸಂತೆಯಲ್ಲಿ ಒಬ್ಬರು ಕೊಟ್ಟ ಹಸಿವಿನ ಮಾತ್ರೆಯಿಂದ ಮಗ ಮೂರೇ ವಾರದಲ್ಲಿ ದುಂಡಗಾದ. ಬೇರೆ ಮಕ್ಕಳಿಗೂ ಕೊಡಿಸಬಹುದೇ?

ಖಂಡಿತ ಬೇಡ! ಮುಖ ಊದಿರುವುದನ್ನು ಮೈ ತುಂಬಿಕೊಂಡಿದೆ ಅಂದುಕೊಂಡಿದ್ದೀರಿ. ಹೆಸರಿಲ್ಲದ ಇಂಥ ಮಾತ್ರೆಯಲ್ಲಿ ಮುಖ ಊದಿಸುವ ಸ್ಟೀರಾಯ್ಡ್ ಔಷಧ ಇರಬಹುದು. ಹಾಗಿದ್ದರೆ ವಾರಗಟ್ಟಲೆ ನುಂಗಿಸಿ ತಟ್ಟನೆ ನಿಲ್ಲಿಸುವುದೂ ಅಪಾಯ. ಉಳಿದ ಮಾತ್ರೆ ಹಿಡಿದುಕೊಂಡು, ಮಗನನ್ನು ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.